ವಾಯಿದೆಗೆ ಹದಿನೈದು ದಿನ

ಸುಮ್ಮನಿರುವ ಕಲೆ ನನಗೆ ಒಲಿದಿಲ್ಲ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬಾಯಿಯಾದರೂ ಮುಚ್ಚೀತು, ಕೈ ಮಾತ್ರ ಸುಮ್ಮನಿರದು. ನಂಜನಗೂಡಿನಲ್ಲಿ ಎರಡು ವರ್ಷ ಪಾತ್ರೆ ಅಂಗಡಿ ನಡೆಸಿ, ಬಾಗಿಲು ಹಾಕಿ, ತೊಂಬತ್ತರ ದಶಕದಲ್ಲಿ ನರಸೀಪುರದ ತಾಲ್ಲೂಕು ಕಚೇರಿ ಎದುರು ಅರ್ಜಿ ಬರೆದುಕೊಡುವ ಮೇಜು ಹಾಕಿಕೊಂಡವನು ನಾನು. ಅರ್ಜಿಗೆ ಹತ್ತು ರೂಪಾಯಿ.

ಅಂಗಡಿಯ ಹಳೇ ತೆರಿಗೆ ಬಾಕಿಗೆ ಒಂದು ದಿನ ನೋಟೀಸು ಬಂತು. ಕಟ್ಟಬೇಕಾದ ಮೊತ್ತ, ನನ್ನ ಹೆಂಡತಿ ಕಮಲ ಗ್ರೈಂಡರಿಗೆಂದು ಮೂರು ವರ್ಷ ಕೂಡಿಟ್ಟ ಹಣಕ್ಕೆ ಸರಿಯಾಗಿತ್ತು. ಒರಳು ತಿರುಗಿಸಿ ಅವಳ ರಟ್ಟೆ ಬಿದ್ದುಹೋಗಿತ್ತು. ನೋಟೀಸನ್ನು ಪಕ್ಕದ ಟೀ ಅಂಗಡಿಗೆ ಒಯ್ದು ತೋರಿಸಿದೆ. ನಿವೃತ್ತ ಗುಮಾಸ್ತ ಪುಟ್ಟಸ್ವಾಮಿ ಟೀ ಹೀರುತ್ತಾ ಸಮಾಧಾನ ಹೇಳಿದರು: "ಎದ್ರುಕೋಬೇಡಿ ಸಾ. ಸರ್ಕಾರದ ಬಾಕಿಗೂ ವಾಯ್ದೆ ಅಂತ ಐತೆ. ಇನ್ನೊಂದ್ ತಿಂಗ್ಳು ಕಳುದ್ರೆ ವಸೂಲಿ ಮಾಡಂಗಿಲ್ಲ. ಏನೂ ಬರೀಬೇಡಿ, ಎಲ್ಲೂ ಸೈನ್ ಆಕ್ಬೇಡಿ. ತೆಪ್ಪಗಿರಿ, ಅಷ್ಟೇಯ."

ಹದಿನೈದು ದಿನ ತೆಪ್ಪಗಿದ್ದೆ. ಅಷ್ಟರಲ್ಲಿ ಇನ್ನೊಂದು ನೋಟೀಸು. ಊರಿನವರ ಕಾಗದಕ್ಕೆಲ್ಲ ಉತ್ತರ ಬರೆಯುವವನ ಮನೆಯಲ್ಲೇ ಎರಡು ಕಾಗದ ಉತ್ತರವಿಲ್ಲದೆ ಬಿದ್ದಿರುವುದೆಂದರೇನು? ಆಗ ನನ್ನ ಬುದ್ಧಿ ಚುರುಕಾಯಿತು. ಎರಡು ತಿಂಗಳ ಅವಕಾಶ ಕೇಳಿದರೆ ವಾಯಿದೆ ತಾನಾಗಿಯೇ ದಾಟಿಹೋಗುತ್ತದಲ್ಲ! ಕೂತೆ, ಬರೆದೆ. ಮೇಜಿನ ಅಭ್ಯಾಸದಂತೆ ಮೊದಲ ಸಾಲು: "ಸದರಿ ಬಾಕಿ ನನ್ನದೇ ಎಂದು ವಿನಯಪೂರ್ವಕ ಒಪ್ಪಿಕೊಳ್ಳುತ್ತಾ..." ಕೆಳಗೆ ಸೊಗಸಾದ ಸಹಿ. ನಂಜನಗೂಡಿನ ಬಸ್ಸು ಹತ್ತಿ ನಾನೇ ಕೊಟ್ಟುಬಂದರಾಯಿತೆಂದು ಹೊರಟೆ.

ತೆರಿಗೆ ಕಚೇರಿಯ ಗುಮಾಸ್ತ ಓದಿ ಎದ್ದುನಿಂತು ಕುರ್ಚಿ ಕೊಟ್ಟ. "ಎರಡು ತಿಂಗಳ್ಯಾಕೆ ಸಾ? ಒಪ್ಕೊಂಡ್ ಸೈನ್ ಆಕಿದ್ದೀರಲ್ಲ, ವಾಯ್ದೆ ಇವತ್ತಿಂದ ಮತ್ತೆ ಸುರು. ಇನ್ನೂ ವರ್ಷಗಟ್ಲೆ ಟೈಮೈತೆ ನಮ್ಗೆ. ನರಸೀಪುರದ ತೆರಿಗೆ ಅರ್ಜಿಗಳೂ ಇಲ್ಲಿಗೇ ಬರ್ತಾವೆ, ನಿಮ್ಮ ಅಕ್ಷರ ನಮ್ಗೆ ಗುರ್ತಿಲ್ವಾ? ಎಷ್ಟ್ ಜನದ ಫೈಲು ಸಾಯೋ ಒತ್ನಲ್ಲಿ ಬದುಕಿಸಿ ಕೊಟ್ಟಿದ್ದೀರಿ!"

ಟೀ ಕುಡಿಸಿಯೇ ಕಳಿಸಿದ. ನನ್ನನ್ನು ನಂಬಿ ಮೇಜಿನ ಮುಂದೆ ಕೈಕಟ್ಟಿ ನಿಂತವರ ಮುಖಗಳೆಲ್ಲ ಬಸ್ಸಿನುದ್ದಕ್ಕೂ ಕಾಡಿದವು. ನಾಚಿಕೆಯಾಯಿತು.

ಕಮಲ ಎಲ್ಲ ಕೇಳಿ, ಡಬ್ಬದಿಂದ ಹಣ ತೆಗೆದು ಎದುರಿಗಿಟ್ಟಳು. "ಊರೋರಿಗೆ ಹತ್ತು ರೂಪಾಯಿ ತಗೊಂಡು ಮಾಡ್ತಿದ್ದ ಉಪಕಾರಾನ ನಮ್ಗೆ ಬಿಟ್ಟಿ ಮಾಡ್ಕೊಟ್ರಲ್ಲ, ಬಿಡಿ. ಅಕ್ಕಿ ನೆನೆಸಿದ್ದೀನಿ, ಬನ್ನಿ ಈ ಕಡೆ."

ಅಂದಿನಿಂದ ಮನೆಯಲ್ಲಿ ದೋಸೆಹಿಟ್ಟು ರುಬ್ಬುವವನು ನಾನೇ. ವಿಚಾರಿಸಿದೆ, ಇದಕ್ಕೆ ಯಾವ ವಾಯಿದೆಯೂ ಇಲ್ಲವಂತೆ.