ಟೆಂಪ್ಲೇಟಿನ ಕಸ ಮತ್ತು ಹಸಿರು ಬಟನ್

ಕುಂದಲಹಳ್ಳಿಯ ನಮ್ಮ ಆಫೀಸಿನಲ್ಲಿ ನೆಲ ಗುಡಿಸಲು ಇಬ್ಬರಿದ್ದಾರೆ. ಟೆಂಪ್ಲೇಟ್ ಗುಡಿಸಲು ನಾನೊಬ್ಬನೇ. ಟೆಂಪ್ಲೇಟ್ ಎಂದರೆ ವೆಬ್ ಪುಟದ ಅಚ್ಚು. ಅದರಲ್ಲಿ ಕಸ ಬಿದ್ದರೆ ಪ್ರತಿ ಪುಟದಲ್ಲೂ ಕಸ. ಎಷ್ಟು ಗುಡಿಸಿದರೂ ಒಂದಲ್ಲ ಒಂದು ಎಡವಟ್ಟು ತಪ್ಪಿದ್ದಲ್ಲ.

೧. ಮುಟ್ಟಬೇಡಿ

ಒಂದು ಫೈಲಿನಲ್ಲಿ ಯಾವ ಉಪಯೋಗಕ್ಕೂ ಬಾರದ ಖಾಲಿ ಚೌಕವೊಂದಿತ್ತು. ಪಕ್ಕದಲ್ಲೇ ‘ಇದನ್ನು ತೆಗೆಯಬೇಡಿ’ ಎಂಬ ಟಿಪ್ಪಣಿ. ವಿಜಯಪುರದಿಂದ ಬಂದು ಹೊಸದಾಗಿ ಸೇರಿದ್ದ, ಇನ್ನೂ ಪ್ರೊಬೇಷನ್ನಿನಲ್ಲಿದ್ದ ಸಹೋದ್ಯೋಗಿ ಕೇಳಿದಳು, “ಯಾಕ್ ತೆಗೀಬಾರದ್ರಿ ಸರ್?”

ನನಗೂ ಗೊತ್ತಿರಲಿಲ್ಲ. ಬರೆದವನು ಕೆಲಸ ಬಿಟ್ಟು ವರ್ಷಗಳಾಗಿದ್ದವು. ನಂಬರ್ ಹುಡುಕಿ ಫೋನ್ ಮಾಡಿದೆ.

“ಇನ್ನೂ ಇದೆಯಾ ಅದು?” ಎಂದ. “ಯಾಕಿದೆ ಅಂತ ನನಗೂ ಗೊತ್ತಿರಲಿಲ್ಲ ಗುರು. ತೆಗೆಯೋಕೆ ಭಯ ಆಯ್ತು. ನಾನೊಬ್ಬನೇ ಯಾಕೆ ಭಯಪಡ್ಬೇಕು ಅಂತ ಬರೆದಿಟ್ಟೆ.”

೨. ಬೇಕಾದೀತು

ಆಕೆಯ ಕಷ್ಟ ಬೇರೆ. ಹಳೆಯ ಸಾಲುಗಳನ್ನು ಅಳಿಸಲು ಮನಸ್ಸೇ ಬರುತ್ತಿರಲಿಲ್ಲ. ಪುಟದ ಮೇಲೆ ಕಾಣದಂತೆ ಕಾಮೆಂಟ್ ಮಾಡಿ ಅಲ್ಲೇ ಮುಚ್ಚಿಡುತ್ತಿದ್ದಳು, ನಮ್ಮಮ್ಮ ಹಾಲಿನ ಕವರ್ ತೊಳೆದು ಮಡಿಸಿಡುವ ಹಾಗೆ.

“ಮುಂದ ಬೇಕಾದ್ರ ಏನ್ ಮಾಡೋದ್ರಿ ಸರ್?”

“ನೋಡಮ್ಮ, ಪುಟದಲ್ಲಿ ಕಾಣದೇ ಇದ್ರೂ ಬ್ರೌಸರಲ್ಲಿ ಸೋರ್ಸ್, ಅಂದ್ರೆ ಪುಟದ ಹಿಂದಿನ ಕೋಡ್, ತೆರೆದ್ರೆ ಕಾಮೆಂಟನ್ನ ಯಾರು ಬೇಕಾದ್ರೂ ಓದ್ಬಹುದು,” ಎಂದು ಅರ್ಧ ಗಂಟೆ ಪಾಠ ಮಾಡಿದೆ. ಪಾಪ, ಶ್ರದ್ಧೆಯಿಂದ ಕೇಳಿದಳು. ಮರುದಿನ ನೋಡಿದರೆ ನನ್ನ ಪಾಠವನ್ನೂ ಫೈಲಿನ ತಲೆಯಲ್ಲಿ ಕಾಮೆಂಟ್ ಮಾಡಿಟ್ಟಿದ್ದಳು.

೩. ಐದನೇ ಸಲ

ಪೀಣ್ಯದ ಕಾರ್ಖಾನೆಯ ಯಜಮಾನರೊಬ್ಬರಿಗೆ ನಾವು ಮಾಡಿದ ವೆಬ್‌ಸೈಟ್ ತೋರಿಸುವ ದಿನ ಬಂತು. ಅದು ಸರಿಯಾಗಿ ನಡೆದರೆ ಆಕೆಯ ಕೆಲಸ ಖಾಯಂ ಎಂದು ಮ್ಯಾನೇಜರ್ ಹೇಳಿದ್ದರು. ಆಕೆ ಎರಡು ದಿನ ಕೂತು ತನ್ನ ಕಸವನ್ನೆಲ್ಲ ಅಳಿಸಿದಳು. ನಾನು ಸಾಲು ಸಾಲಾಗಿ ನೋಡಿದೆ, ಅವಳು ಬರೆದದ್ದನ್ನು ಮಾತ್ರ.

ಯಜಮಾನರು ಯಾವ ಮಿಷಿನ್ನನ್ನೂ ಮುಚ್ಚಳ ಬಿಚ್ಚಿ ನೋಡದೆ ಒಪ್ಪಿದವರಲ್ಲ. ತಾವೇ ಸೋರ್ಸ್ ತೆರೆದು, ಕನ್ನಡಕ ಏರಿಸಿಕೊಂಡು ಗಟ್ಟಿಯಾಗಿ ಓದಿದರು: “ಬಟನ್ ಮತ್ತೆ ಹಸಿರು. ಯಜಮಾನರ ಮನಸ್ಸು ಬದಲಾಗಿದ್ದು ಇದು ನಾಲ್ಕನೇ ಸಲ. ಐದನೇದಕ್ಕೆ ಕಾಯಿರಿ.”

ಮ್ಯಾನೇಜರ್ ಆಕೆಯನ್ನು ದುರುಗುಟ್ಟಿ ನೋಡಿದರು. ಆಕೆ ತಲೆ ತಗ್ಗಿಸಿದಳು.

“ಬರೆದದ್ದು ನಾನು ಸಾರ್,” ಎಂದು ಎದ್ದು ನಿಂತೆ.

ಯಜಮಾನರು ಆಕೆಯತ್ತ ತಿರುಗಿದರು. “ಎಲ್ಲಾ ಇಷ್ಟು ಕ್ಲೀನ್ ಮಾಡಿದ್ದೀಯ, ಇದೊಂದನ್ನ ಯಾಕಮ್ಮ ಬಿಟ್ಟೆ?”

“ದೊಡ್ಡೋರು ಬರದದ್ದು ಹ್ಯಾಂಗ್ ಅಳಸೋದ್ರಿ ಸರ್?”

ಯಜಮಾನರು ಹೊಟ್ಟೆ ಹಿಡಿದುಕೊಂಡು ನಕ್ಕರು. “ನಿಮ್ಮ ಮೇಷ್ಟ್ರು ಬರೆದಿರೋದು ನಿಜಾನೇ ಕಣಮ್ಮ. ನೀಲಿ ಮಾಡ್ಬಿಡು.”

ಆ ಸಂಜೆಯೇ ಆಕೆಯ ಕೆಲಸ ಖಾಯಂ ಆಯಿತು. ಬಟನ್ನಿನ ಬಣ್ಣ ಮಾತ್ರ ಇನ್ನೂ ಆಗಿಲ್ಲ.