ಪೂವಪ್ಪನ ಓಡುವ ಕಾಲ

ಶನಿವಾರ ಬೆಳಿಗ್ಗೆ ಡೊಂಬಿವಲಿಯ ಭಜನಾ ಮಂಡಳಿಯ ಮುಖ್ಯಸ್ಥ ಯಶ್ವಂತ್ ಹಲ್ಲುಜ್ಜುತ್ತ ನಿಂತಿದ್ದಾಗ ಬಂದ ಒಂದು ಫೋನಿನಿಂದ ಪೂವಪ್ಪನ ಫಜೀತಿ ಶುರುವಾಯಿತು.

ಫೋನ್ ಮಾಡಿದ್ದು ಖಾರಘರದ ಪ್ರೇಕ್ಷಾ ಎಂಬ ಹುಡುಗಿ. ಹಿರಿಯರ ಊರು ಕಾರ್ಕಳದ ಕಡೆ, ಹುಟ್ಟಿ ಬೆಳೆದದ್ದು ಮಾತ್ರ ಇಲ್ಲೇ. ಒಲೆಯಿಂದ ಬಿಸಿ ಪಾತ್ರೆ ಇಳಿಸುವವರ ಹಾಗೆ ಅವಳು ಕನ್ನಡವನ್ನು ಅಂಚಿನಲ್ಲಷ್ಟೇ ಹಿಡಿದು ಮಾತಾಡುತ್ತಿದ್ದಳು.

"ಅಂಕಲ್, ನಾನು ಯೂಟ್ಯೂಬಿಗೆ ಒಂದು ಸಿರೀಸ್ ಮಾಡ್ತಾ ಇದ್ದೇನೆ. ಕಾಲಕ್ಕಿಂತ ಮುಂದೆ ಇದ್ದ ಮ್ಯೂಸಿಶಿಯನ್ಸ್ ಬಗ್ಗೆ. ಮತ್ಲಬ್, ಅವರು ನುಡಿಸುವಾಗ ಯಾರಿಗೂ ಸಮಜ್ ಆಗ್ಲಿಲ್ಲ, ಜನ ಬೈದರು, ಅಂಥವರು. ನಿಮ್ಮ ಮಂಡಳಿಯಲ್ಲಿ ಯಾರಾದ್ರೂ ಇದ್ದಾರಾ?"

ಭಜನೆಯವರ ಬಾಯಲ್ಲಿ ಕಾಲ ಅಂದರೆ ಹಾಡಿನ ನಡೆ, ಅದರ ವೇಗ. ಯಶ್ವಂತನಿಗೆ ಗೊತ್ತಿದ್ದದ್ದು ಆ ಕಾಲ ಒಂದೇ. ಬಾಯಿಯ ನೊರೆ ಉಗಿದು ಹೇಳಿದ:

"ಇಲ್ಲದೆ ಎಂತ? ನಮ್ಮ ಪೂವಪ್ಪ ಉಂಟಲ್ಲ! ತಬಲಾ ಮುಟ್ಟಿದ ದಿನದಿಂದ ಕಾಲಕ್ಕಿಂತ ಮುಂದೆಯೇ. ಬೈದೂ ಬೈದೂ ನಮ್ಮ ಗಂಟಲು ಒಣಗಿತು. ಕಡೆಗೆ ತಬಲಾ ಬಿಡಿಸಿ ಪ್ರಸಾದ ಹಂಚಲಿಕ್ಕೆ ಕೂರಿಸಿದ್ದೇವೆ."

"ಓ ಮೈ ಗಾಡ್, ಪ್ರಸಾದ ಹಂಚಲಿಕ್ಕಾ?" ಹುಡುಗಿ ಮರುಗಿದಳು. "ಅಂಕಲ್, ನಾನು ಇವತ್ತೇ ಸಂಜೆ ಬರ್ತೇನೆ. ಕ್ಯಾಮೆರಾ ತರ್ತೇನೆ, ಸನ್ಮಾನಕ್ಕೆ ಶಾಲು ತರ್ತೇನೆ. ಅವರು ನುಡಿಸ್ಬೇಕು, ಬಸ್!"

ಪೂವಪ್ಪ ವಾಶಿಯ ಒಂದು ಹೋಟೆಲಿನ ಗಲ್ಲಾದಲ್ಲಿ ಕೂರುವವನು. ದಿನಾ ಥಾಣೆಯಲ್ಲಿ ಇಳಿದು, ಸೇತುವೆ ಹತ್ತಿ, ಜನರ ನಡುವೆ ನುಸುಳಿ, ಡೊಂಬಿವಲಿಯ ಫಾಸ್ಟ್ ಲೋಕಲ್ ರೈಲು ಹಿಡಿಯಲು ಓಡಬೇಕು. ಆ ಓಟ ಕಾಲಿನಿಂದ ಯಾವಾಗ ಕೈಗೆ ಹತ್ತಿತೋ ಅವನಿಗೇ ತಿಳಿಯಲಿಲ್ಲ. ಹಾಡುವವರು ಪಲ್ಲವಿಯಲ್ಲಿ ದೇವರಿಗೆ ಕೈಮುಗಿಯುತ್ತಿರುವಾಗ ಇವನ ತಬಲಾ ಮುಂದಿನ ಸ್ಟೇಷನ್ನಿನಲ್ಲಿ ಇಳಿದು ನಿಂತಿರುತ್ತಿತ್ತು. ಪ್ರಸಾದಕ್ಕೆ ಕೂರಿಸಿದ ಮೇಲೂ ಒಂದು ಶನಿವಾರದ ಭಜನೆಯನ್ನೂ ತಪ್ಪಿಸಿದವನಲ್ಲ. ಕೈ ಅವಲಕ್ಕಿ ಹಂಚುತ್ತಿತ್ತು, ಕಣ್ಣು ತಬಲಾದ ಮುಂದಿನ ಮಣೆಯ ಮೇಲೆಯೇ ಇತ್ತು. ಆ ಜಾಗವೊಂದು ಮತ್ತೆ ಸಿಕ್ಕಿದರೆ ಅವನಿಗೆ ಬೇರೇನೂ ಬೇಡವಾಗಿತ್ತು.

ಹೀಗಿರುವಾಗ ಹೆಂಡತಿ ವಿಮಲಾ ಮೊಬೈಲು ಹಿಡಿದು ಬಂದಳು.

"ಬಿಲ್ಡಿಂಗಿನ ಗ್ರೂಪಲ್ಲಿ ಹಾಕಿದ್ದಾರೆ ನೋಡಿ. ಪೂವಪ್ಪ ಕಾಲಕ್ಕಿಂತ ಮುಂದೆ, ಸಂಜೆ ಶೂಟಿಂಗ್, ಎಲ್ಲರೂ ಬನ್ನಿ ಅಂತ."

"ನನ್ನ ತಪ್ಪಿಗೆ ಶೂಟಿಂಗಾ? ಲೋಕಕ್ಕೆಲ್ಲ ತೋರಿಸ್ಲಿಕ್ಕಾ?"

"ಸನ್ಮಾನ ಅಂತೆ ಮಾರಾಯ್ರೆ, ಶಾಲು ಹೊದೆಸ್ತಾರಂತೆ."

"ಅದೆಲ್ಲ ಯಶ್ವಂತನ ಕುಶಾಲು," ಅಂದ ಪೂವಪ್ಪ. ಆದರೆ ಕೂತು ಯೋಚಿಸಿದ. ಕುಶಾಲಾದರೂ ಸರಿ, ಸಂಜೆ ತಬಲಾ ಕೈಗೆ ಬರುತ್ತದೆ. ಒಂದೇ ಒಂದು ಭಜನೆ ನೆಟ್ಟಗೆ ಬಾರಿಸಿದರೆ ಜಾಗ ತನ್ನದು. ಓಡಿಸಿದರೆ ಕ್ಯಾಮೆರಾದ ಮುಂದೆ ತನ್ನ ಮಾನದ ಜೊತೆ ಮಂಡಳಿಯ ಮಾನವೂ ಹೋಗುತ್ತದೆ. ಅಟ್ಟದಿಂದ ತನ್ನ ಹಳೆಯ ತಬಲಾ ಇಳಿಸಿದ.

ಅಷ್ಟರಲ್ಲಿ ಬಿಲ್ಡಿಂಗು ಒಳಗೆ ನುಗ್ಗಿತು. ಮೇಲಿನ ಮನೆಯ ನಾಗವೇಣಿ ಪೌಡರ್ ಡಬ್ಬಿ ತಂದಿದ್ದಳು. "ಕ್ಯಾಮೆರಾದಲ್ಲಿ ತಲೆ ಹೊಳೀಬಾರ್ದು ಅಣ್ಣ," ಎಂದು ಅವನ ಬೋಳುತಲೆಯನ್ನು ಇಡ್ಲಿಹಿಟ್ಟಿನ ಹಾಗೆ ಬೆಳ್ಳಗೆ ಮಾಡಿದಳು. ಎದುರುಮನೆಯ ಹೃಷೀಕೇಶ, "ಕಾಕಾ, ಹೇ ಘ್ಯಾ," ಎಂದು ತನ್ನ ಮೊಬೈಲಿನಲ್ಲಿ ಟಿಕ್ ಟಿಕ್ ಅನ್ನುವ ತಾಳದ ಆ್ಯಪ್ ಹಾಕಿಕೊಟ್ಟ. ಟಿಕ್ ಟಿಕ್ ಚೆನ್ನಾಗಿಯೇ ನಡೆಯುತ್ತಿತ್ತು. ಕೈ ಹದಕ್ಕೆ ಬಂತು ಅನ್ನುವಷ್ಟರಲ್ಲಿ ಒಬ್ಬ ಹೆಂಗಸು ಆ ಮೊಬೈಲಿನಲ್ಲೇ ಕೂದಲು ಸೊಂಪಾಗಿ ಬೆಳೆಯುವ ಎಣ್ಣೆಯ ಜಾಹೀರಾತು ಶುರುಮಾಡಿದಳು. ಎಲ್ಲರೂ ಪೂವಪ್ಪನ ತಲೆ ನೋಡಿದರು.

"ನೀವು ಅಭ್ಯಾಸ ಮಾಡಿ, ನಾನು ಮಂಡಳಿಯಲ್ಲಿ ಹೂ ಕಟ್ಲಿಕ್ಕೆ ಹೋಗ್ತೇನೆ," ಎಂದು ವಿಮಲಾ ಮಧ್ಯಾಹ್ನವೇ ಹೊರಟುಹೋದಳು.

ಜನ ಕರಗಿದ ಮೇಲೆ ಕೆಳಗಿನ ಮನೆಯಿಂದ ಸದ್ದು ಕೇಳಿತು. ಪಟ್, ಪಟ್, ಪಟ್, ಪಟ್. ಒಂದು ಕೂದಲೆಳೆ ಆಚೀಚೆ ಇಲ್ಲ. ಕಲ್ಯಾಣದ ಖಾನಾವಳಿಗೆ ಜೋಳದ ರೊಟ್ಟಿ ಮಾಡಿಕೊಡುವ ವಿಜಯಪುರದ ಚಂದ್ರಬಾಯಿ ರೊಟ್ಟಿ ಬಡಿಯುತ್ತಿದ್ದಳು. ಪೂವಪ್ಪ ತಬಲಾ ಹೊತ್ತು ಕೆಳಗಿಳಿದ.

"ಅಕ್ಕಾ, ನೀವು ಬಡಿಯುವಾಗ ನಾನೂ ಜೊತೆಗೆ ಬಾರಿಸ್ಲಾ?"

"ಬಾರಸ್ರಿ ಅಣ್ಣಾರ. ರೊಟ್ಟಿಗೇನು ಕಿವಿ ಅದಾವೇನ್ರಿ?"

ಶುರುವಾಯಿತು. ನಾಲ್ಕು ಏಟಿಗೆ ಪೂವಪ್ಪ ಮುಂದೆ. ಅವನ ಬೆನ್ನುಹತ್ತಿ ಚಂದ್ರಬಾಯಿಯ ಕೈಯೂ ಓಡಿತು. ರೊಟ್ಟಿಯ ಅಂಚು ಹರಿಯಿತು. ಇನ್ನೊಂದು ತಟ್ಟಿದಳು, ಅದೂ ಹರಿಯಿತು. ಮೂರನೆಯದು ಹಂಚಿಗೆ ಹೋಗುವ ಬದಲು ಹಾರಿ ತಬಲಾದ ಜೋಡಿ ಡಗ್ಗದ ಮೇಲೆ ಕೂತಿತು. ಚಂದ್ರಬಾಯಿ ಅದನ್ನು ಎತ್ತಿಕೊಂಡು ಶಾಂತವಾಗಿ ಅಂದಳು:

"ಅಣ್ಣಾರ, ರೊಟ್ಟಿ ತನಗ ಬೇಕಾದಷ್ಟು ಹೊತ್ತು ತಗೊಂತದ್ರಿ. ಇವತ್ತ ಶನಿವಾರ, ನಿಮಗ ಸೂಟಿ. ಯಾವ ಗಾಡಿ ಹಿಡೀಬೇಕಂತ ಹಂಗ ಓಡತೀರಿ?"

ಪೂವಪ್ಪನ ಕೈ ನಿಂತಿತು. ಹೌದಲ್ಲ, ಯಾವ ಗಾಡಿ? ಇದನ್ನು ಇಷ್ಟು ವರ್ಷ ಯಾರೂ ಅವನನ್ನು ಕೇಳಿರಲಿಲ್ಲ. ಉಸಿರು ಬಿಟ್ಟು ಮತ್ತೆ ಬಾರಿಸಿದ. ಒಲೆಯ ಬಿಸಿಗೆ ಬೆವರು ಇಳಿಯಿತು, ತಲೆಯ ಪೌಡರು ಅದರ ಜೊತೆ ಕಿವಿಯವರೆಗೆ ಬಂತು, ಆದರೆ ರೊಟ್ಟಿ ಹರಿಯಲಿಲ್ಲ. ಬುಟ್ಟಿ ತುಂಬುವ ಹೊತ್ತಿಗೆ ತಬಲಾ ಮತ್ತು ರೊಟ್ಟಿ ಒಂದೇ ಬಾಯಲ್ಲಿ ಮಾತಾಡುತ್ತಿದ್ದವು. ಪೂವಪ್ಪ ಚಂದ್ರಬಾಯಿಗೆ ಬಗ್ಗಿ ಕೈಮುಗಿದ.

"ಅಯ್ಯ, ನನಗ್ಯಾಕ ಮುಗೀತೀರಿ! ಹೋಗಿ ಮುಖ ತೊಳಕೋರಿ, ಮಕ್ಕಳು ಅಂಜತಾವು."

ಸಂಜೆ ಮಂಡಳಿಯ ಹಾಲ್ ಕಿಕ್ಕಿರಿದಿತ್ತು. ಪ್ರೇಕ್ಷಾ ಕ್ಯಾಮೆರಾ ನಿಲ್ಲಿಸಿ, ಶಾಲು ತೊಡೆಯ ಮೇಲಿಟ್ಟು ಕೂತಿದ್ದಳು. ಪೂವಪ್ಪ ತನ್ನ ಜಾಗದಲ್ಲಿ ಕೂತ. ಕಣ್ಣು ಮುಚ್ಚಿದ. ಕಣ್ಣೊಳಗೆ ಒಂದು ದುಂಡನೆಯ ರೊಟ್ಟಿ.

ಯಶ್ವಂತ್ ಹಾರ್ಮೋನಿಯಂ ಒತ್ತಿದ. ಭಜನೆ ಹೊರಟಿತು. ಹೊರಟದ್ದಲ್ಲ, ಹಾರಿತು! ಎಂದೂ ಅವಸರ ಕಾಣದ ಮಂಡಳಿ ಲೋಕಲ್ಲಿನ ಬಾಗಿಲಿಗೆ ನೇತುಬಿದ್ದ ಜನರ ಹಾಗೆ ಒಬ್ಬರ ಮೇಲೊಬ್ಬರು ಬಿದ್ದು ಹಾಡಿತು. ಹಾಡುವವರ ನಡುವೆ ಕೂತಿದ್ದ ವಿಮಲಾಳ ಸೊಂಟದ ಸೆರಗು ಬಿಚ್ಚಿತ್ತು, ಸಿಕ್ಕಿಸಲು ಅವಳಿಗೆ ಪುರುಸೊತ್ತಿಲ್ಲ. ಪೂವಪ್ಪನಿಗೆ ಗಾಬರಿಯಾಯಿತು. ಇದು ತನ್ನ ಪರೀಕ್ಷೆ, ತನ್ನನ್ನು ಓಡಿಸಿ ನಗುವ ಉಪಾಯ ಎಂದುಕೊಂಡ. ಹಲ್ಲು ಕಚ್ಚಿದ, ಹಿಡಿದ ರೊಟ್ಟಿಯ ನಡೆ ಬಿಡಲಿಲ್ಲ. ಭಜನೆ ಮುಗಿದು, ಹಾಡಿದವರು ಬೆವರು ಒರೆಸಿಕೊಂಡು, ನೀರು ಕುಡಿಯುವಾಗಲೂ ಪೂವಪ್ಪ ಕೊನೆಯ ಚರಣವನ್ನು ನೆಮ್ಮದಿಯಾಗಿ ಬಾರಿಸುತ್ತಲೇ ಇದ್ದ.

ಪ್ರೇಕ್ಷಾ ಜಿಗಿದೆದ್ದಳು. "ಅಮೇಝಿಂಗ್! ಇಡೀ ಮಂಡಳಿ ಕಾಲಕ್ಕಿಂತ ಮುಂದೆ!" ಆಮೇಲೆ ಪೂವಪ್ಪನ ಕಡೆ ತಿರುಗಿ, ಕಾಯಿಲೆಯವರನ್ನು ಮಾತಾಡಿಸುವ ದನಿಯಲ್ಲಿ ಅಂದಳು, "ಸಾರಿ ಅಂಕಲ್. ನೀವು ಮಾತ್ರ ಥೋಡಾ ಪುರಾನಾ. ಇವರನ್ನು ಹಿಂದೆ ಎಳೀತಾ ಇದ್ದೀರಿ."

ಶಾಲು ಯಶ್ವಂತನ ಹೆಗಲೇರಿತು. ಮುಂದಿನ ತಿಂಗಳು ವಾಶಿಯಲ್ಲಿ ದೊಡ್ಡ ಕಾರ್ಯಕ್ರಮ, ಇದೇ ಸ್ಪೀಡಿನಲ್ಲಿ ಹಾಡಬೇಕು ಎಂದು ಹೇಳಿ ಹುಡುಗಿ ಹೋದಳು.

ಯಶ್ವಂತ್ ತಲೆಯ ಮೇಲೆ ಕೈಹೊತ್ತು ಕೂತ. "ಎಂತ ಮಾಡಿದೆ ಮಾರಾಯ! ಮಧ್ಯಾಹ್ನ ಅವಳು ಮತ್ತೆ ಫೋನ್ ಮಾಡಿದಾಗ ಗೊತ್ತಾಯ್ತು, ಅವಳಿಗೆ ಬೇಕಾದದ್ದೇ ನಿನ್ನ ಓಟ ಅಂತ. ನಾವು ನೆಟ್ಟಗೆ ಹಾಡಿದ್ರೆ ನೀನೊಬ್ಬ ಬೆಪ್ಪನ ಹಾಗೆ ಕಾಣ್ತಿ ಅಂತ ಎಲ್ಲರೂ ಕೂತು ಓಡ್ಲಿಕ್ಕೆ ಕಲಿತೆವು. ನಿನ್ನ ಹೆಂಡತಿ ಹೂ ಕಟ್ಟಿದ್ದಲ್ಲ, ಗಂಟಲು ಹರಿದುಕೊಂಡದ್ದು!"

"ನಾನು ನಿಮ್ಮ ಮಾನ ಉಳಿಸ್ಲಿಕ್ಕೆ ನಿಲ್ಲಲು ಕಲಿತೆ," ಅಂದ ಪೂವಪ್ಪ.

ಎಲ್ಲರೂ ಬಿದ್ದು ಬಿದ್ದು ನಕ್ಕರು. ನಗು ಮುಗಿದ ಮೇಲೆ ಯಶ್ವಂತ್ ಮೆಲ್ಲಗೆ ಹೇಳಿದ: "ಜಾಗ ನಿನಗೇ ಅಂತ ಮಾತಾಡಿದ್ದೆವು. ಆದ್ರೆ ವಾಶಿಗೆ ಇದೇ ಓಟ ಬೇಕಲ್ಲ. ಒಮ್ಮೆ ಓಡಿಸು ನೋಡುವ."

ಪೂವಪ್ಪ ಓಡಿಸಲು ನೋಡಿದ. ಪಟ್, ಪಟ್, ಪಟ್, ಪಟ್. ಕೈ ಜಪ್ಪಯ್ಯ ಅಂದರೂ ಮುಂದೆ ಹೋಗಲಿಲ್ಲ.

"ಇರ್ಲಿ ಬಿಡು," ಎಂದು ಯಶ್ವಂತ್ ಅವಲಕ್ಕಿಯ ಪಾತ್ರೆಯನ್ನು ಅವನ ಮುಂದೆ ಸರಿಸಿದ.

ಅಂದು ಪೂವಪ್ಪನಿಗೆ ಅದರಲ್ಲಿ ಏನೂ ಸಂಕಟವಾಗಲಿಲ್ಲ. ಮುಂದೆ ಚಾಚಿದ ಒಂದೊಂದು ಕೈಯನ್ನೂ ನೋಡಿದ. ಇಷ್ಟು ಜನ ತನಗಾಗಿ ಓಡಿದ್ದರು. ಕೈ ತುಂಬ ತುಂಬ ಹಾಕಿಕೊಟ್ಟ. ಕಣ್ಣಲ್ಲಿ ನೀರು ಬಂತು, ಒಗ್ಗರಣೆ ಖಾರ ಎಂದು ಒರೆಸಿಕೊಂಡ.

ಹೊರಗೆ ಬಂದಾಗ ಶೇರ್ ರಿಕ್ಷಾದ ಸಾಲು ಕರಗುತ್ತಿತ್ತು. ಮದುವೆಯಾದಂದಿನಿಂದ ಹೆಂಡತಿಗಿಂತ ಮಾರು ದೂರ ಮುಂದೆ ನಡೆಯುತ್ತಿದ್ದ ಪೂವಪ್ಪ, ಇವತ್ತಾದರೂ ಅವಳ ಪಕ್ಕದಲ್ಲಿ ನಡೆದು ನಾಲ್ಕು ಒಳ್ಳೆಯ ಮಾತಾಡೋಣ ಎಂದು ನಿಧಾನಕ್ಕೆ ಹೆಜ್ಜೆಹಾಕಿದ.

"ವಿಮಲಾ," ಎಂದು ಪಕ್ಕಕ್ಕೆ ತಿರುಗಿದ. ಪಕ್ಕದಲ್ಲಿ ಯಾರೂ ಇರಲಿಲ್ಲ.

ದೂರದಲ್ಲಿ, ರಿಕ್ಷಾಕ್ಕೆ ಒಂದು ಕಾಲಿಟ್ಟು ನಿಂತ ವಿಮಲಾ ಒಡಕು ಗಂಟಲಲ್ಲಿ ಕೂಗುತ್ತಿದ್ದಳು: "ಎಂತ ಅಲ್ಲಿ ಆಮೆಯ ಹಾಗೆ? ಬೇಗ ಬನ್ನಿ ಮಾರಾಯ್ರೆ!"