ಬಿಳಿ ಮಾತ್ರೆಯ ಪರಾಕ್ರಮ

ಚೆಂಬೂರಿನ ತಿರುಮಲೇಶ ಕೊಲೆಸ್ಟ್ರಾಲ್ ಇಳಿಸಲು ನುಂಗುತ್ತಿದ್ದ ಗುಲಾಬಿ ಮಾತ್ರೆ ಅಂಗಡಿಯಲ್ಲಿ ಮುಗಿದಿತ್ತು. ಮೆಡಿಕಲ್‌ನವನು ಬಿಳಿಯದೊಂದು ಕೊಟ್ಟು, "ಕಂಪನಿ ಬೇರೆ ಸಾಬ್, ದವಾ ಅದೇ. ರೇಟು ಅರ್ಧ" ಎಂದ. ಡಾಕ್ಟರೂ ಫೋನಿನಲ್ಲಿ ಹೂಂ ಅಂದರು. ಬಾಯಿ ಮುಚ್ಚಿಕೊಂಡು ನುಂಗಿದ್ದರೆ ಮುಗಿದೇಹೋಗುತ್ತಿತ್ತು. ಆ ಪುಣ್ಯಾತ್ಮ ಭಾನುವಾರ ಬೆಳಿಗ್ಗೆ ಹೆಂಡತಿಯ ಮುಂದೆ ಅರ್ಧ ದುಡ್ಡು ಉಳಿಸಿದೆನೆಂದು ಜಂಬ ಕೊಚ್ಚಿಕೊಂಡ.

ಪಂಕಜಾ ಕಾವಲಿಯ ಮೇಲೆತ್ತಿದ್ದ ತುಪ್ಪದ ಚಮಚವನ್ನು ಹಾಗೇ ಹಿಂದಕ್ಕೆ ತೆಗೆದಳು.

"ದುಬಾರಿ ಮಾತ್ರೆ, ತುಪ್ಪಾನ ಅದೇ ನೋಡ್ಕೊಳ್ಳುತ್ತೆ ಅಂತ ಬಿಟ್ಟಿದ್ದೆ. ಈ ಅರ್ಧ ರೇಟಿನದಕ್ಕೆ ತುಪ್ಪ ಕರಗಿಸೋ ತಾಕತ್ತೆಲ್ಲಿದೆ ರೀ?"

ವಾರವಿಡೀ ಬೇಯಿಸಿದ ಸೊಪ್ಪು ತಿನ್ನುವ ತಿರುಮಲೇಶನಿಗೆ ಭಾನುವಾರದ ಎರಡು ತುಪ್ಪದ ದೋಸೆಯೇ ಬದುಕಿನ ಆಸರೆ.

ಅಷ್ಟರಲ್ಲಿ ಟಿವಿಯ ಪೌರಾಣಿಕ ಧಾರಾವಾಹಿ ನೋಡಲು ಪಕ್ಕದ ಮನೆಯ ರುದ್ರವ್ವ, ಮೇಲಿನ ಮಹಡಿಯ ನಾಣಿ ಬಂದರು. ನಾಣಿ ರಿಫೈನರಿಯ ಕ್ಯಾಂಟೀನಿನಲ್ಲಿ ಮ್ಯಾನೇಜರು. ರಿಫೈನರಿ ಎಂದಮೇಲೆ ತಾನೂ ವಿಜ್ಞಾನಿಯೇ ಎಂಬುದು ಅವನ ನಂಬಿಕೆ.

"ಜಗಳ ಎಂತಕ್ಕೆ ಮಾರಾಯ್ರೇ? ಟೆಸ್ಟ್ ಮಾಡುವ!" ಎಂದು ಎರಡು ಸ್ಟೀಲ್ ಬಟ್ಟಲಿನಲ್ಲಿ ಗಟ್ಟಿ ತುಪ್ಪ ಹಾಕಿಸಿದ. ಒಂದರಲ್ಲಿ ಉಳಿದಿದ್ದ ಒಂದೇ ಗುಲಾಬಿ ಮಾತ್ರೆ, ಇನ್ನೊಂದರಲ್ಲಿ ಬಿಳಿಯದು. "ಯಾವುದು ಕರಗಿಸ್ತದೋ ಅದು ಪಾಸ್."

"ಹೊಟ್ಟೆ ಬೇರೆ, ಬಟ್ಟಲು ಬೇರೆ ಕಣ್ರೀ" ಎಂದ ತಿರುಮಲೇಶನ ಮಾತು ಯಾರಿಗೆ ಬೇಕು?

ಡಿಸೆಂಬರಿನ ಚಳಿ. ತುಪ್ಪ ಎರಡೂ ಕಡೆ ಕಲ್ಲಿನಂತೆ ಕೂತಿತ್ತು. ಎಲ್ಲರೂ ಟಿವಿಯ ಮುಂದೆ ಕೂತದ್ದೇ ತಿರುಮಲೇಶ ಮೆಲ್ಲಗೆ ಅಡುಗೆಮನೆಗೆ ನುಸುಳಿ, ಬಿಳಿ ಮಾತ್ರೆಯ ಬಟ್ಟಲನ್ನು ಗ್ಯಾಸಿನ ಮೇಲಿಟ್ಟು ಸಣ್ಣ ಉರಿ ಹಚ್ಚಿದ.

"ರೀ, ಅಲ್ಲೇನು ಮಾಡ್ತಿದ್ದೀರಿ? ಎಲ್ಲರಿಗೂ ನೀರು ತನ್ನಿ!"

ನೀರು ತಂದ. ರುದ್ರವ್ವ ಕೈಹಿಡಿದು ಕೂರಿಸಿಯೇಬಿಟ್ಟಳು. "ಕುಂದರ್ರೀ ಅಣ್ಣಾರ, ಬಾಣ ಬಿಡಾಕತ್ತಾನ ನೋಡ್ರಿ!" ಬಾಣ ಹಾರಿತು. ಹಾರುತ್ತಲೇ ಇತ್ತು. ತಲುಪುವ ಲಕ್ಷಣವೇ ಇಲ್ಲ. ತಿರುಮಲೇಶ ಚಡಪಡಿಸಿದ.

ಘಮ್ಮೆಂದು ವಾಸನೆ ಬಂತು.

"ಮಾತ್ರೆ ಕೆಲಸ ಮಾಡ್ತಾ ಉಂಟು!" ಎಂದು ನಾಣಿ ಎದ್ದ. ತಿರುಮಲೇಶ ಅವನನ್ನು ತಳ್ಳಿಕೊಂಡೇ ಒಳಗೋಡಿ, ಗ್ಯಾಸು ಆರಿಸಿ, ಲುಂಗಿಯ ತುದಿಯಿಂದ ಬಟ್ಟಲನ್ನು ಹಿಡಿದು ಕಟ್ಟೆಯ ಮೇಲಿಟ್ಟ. ತುಪ್ಪ ಕೊತಕೊತ ಕುದಿಯುತ್ತಿತ್ತು.

"ನೋಡಿ, ಪಾಸ್!" ಎಂದ ಏದುಸಿರಿನಲ್ಲಿ.

ಹಿಂದೆಯೇ ಬಂದ ರುದ್ರವ್ವ ಬಟ್ಟಲು ಮುಟ್ಟಿ ಚೀರಿದಳು. "ಯವ್ವಾ, ಏನ್ ಸುಡತೈತಿ! ಇಂಥಾ ಬೆಂಕೀನ ಹೊಟ್ಯಾಗ ಹಾಕ್ಕೋತಾರೇನ್ರೀ?"

ಪಂಕಜಾಳ ಮುಖ ಬಿಳಿಚಿತು. "ಅಯ್ಯೋ ದೇವರೇ, ಇಷ್ಟೊಂದು ಉಷ್ಣವೇ! ಒಳಗೆಲ್ಲ ಬೆಂದುಹೋಗುತ್ತಲ್ಲ ರೀ! ದೋಸೆ, ಕಾಫಿ, ಒಗ್ಗರಣೆ ಎಲ್ಲಾ ಬಂದ್. ಈ ಮಾತ್ರೆ ತಗೊಳ್ಳೋಷ್ಟು ದಿನವೂ ನಿಮಗೆ ಬರೀ ತಂಪು!"

ಗ್ಯಾಸು ಹಚ್ಚಿದ್ದು ನಾನೇ ಎಂದರೆ ಮಾತ್ರೆ ಫೇಲು, ಮಾನವೂ ಹೋಗುತ್ತದೆ. ತಿರುಮಲೇಶನ ಮುಂದೆ ಮಜ್ಜಿಗೆ ಗಂಜಿ ಬಂತು. ಅವನ ಪಾಲಿನ ದೋಸೆಗಳು, ಡಬ್ಬಿಯ ತುಪ್ಪ ಸುರಿಸಿಕೊಂಡು, ಪರೀಕ್ಷೆ ಮಾಡಿದ ನಾಣಿಯ ತಟ್ಟೆಗೆ ಹೋದವು.

ನಾಣಿ ಬಾಯಿತುಂಬಾ ದೋಸೆ ತುಂಬಿಕೊಂಡು ಕೇಳಿದ: "ಅಂದಹಾಗೆ ಮಾರಾಯ್ರೇ, ಡಾಕ್ಟ್ರು ಇದನ್ನು ಎಷ್ಟು ದಿನ ತಗೊಳ್ಳಿಕ್ಕೆ ಹೇಳಿದ್ದಾರೆ?"

"ಬದುಕಿರೋವರೆಗೂ" ಎಂದಳು ಪಂಕಜಾ.